ಅರ್ಧ ಆಫೀಸಲ್ಲಿ, ಅರ್ಧ ಕ್ಲೌಡಲ್ಲಿ: ತೊಂದರೆ ಇರೋದು ನಡುವಿನ ದಾರಿಯಲ್ಲಿ

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಕಡೆಯ ಸಣ್ಣ-ಮಧ್ಯಮ ಕಂಪನಿಗಳಲ್ಲಿ ಈಗ ಹೆಚ್ಚಾಗಿ ಇದೇ ವ್ಯವಸ್ಥೆ. ಇಆರ್‌ಪಿ (ಸ್ಟಾಕ್, ಆರ್ಡರ್, ಬಿಲ್ಲು ಎಲ್ಲಾ ಒಂದೇ ಕಡೆ ನೋಡೋ ಸಾಫ್ಟ್‌ವೇರ್), ಲೆಕ್ಕದ ಟ್ಯಾಲಿ ಆಫೀಸಿನ ಸರ್ವರ್‌ನಲ್ಲಿ. ಇಮೇಲ್, ವೆಬ್‌ಸೈಟ್, ಬ್ಯಾಕಪ್ ಕ್ಲೌಡಲ್ಲಿ, ಅಂದ್ರೆ ಇಂಟರ್ನೆಟ್ ಮೂಲಕ ಬಳಸೋ ಬಾಡಿಗೆ ಸರ್ವರ್‌ಗಳಲ್ಲಿ. ‘ಇನ್ನೂ ಯಾಕೆ ಆ ಹಳೇ ಸರ್ವರ್, ಎಲ್ಲಾ ಕ್ಲೌಡಿಗೆ ಹಾಕಿಬಿಡಿ’ ಅನ್ನೋ ಸಲಹೆ ಧಾರಾಳವಾಗಿ ಸಿಗುತ್ತೆ. ನಾನು ಅದನ್ನ ಒಪ್ಪಲ್ಲ. ಸಿಎನ್‌ಸಿ ಮಷಿನ್‌ಗೆ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸೋ ಯಂತ್ರ) ಪ್ರೋಗ್ರಾಂ ಕಳಿಸೋ ಸರ್ವರ್ ಇಂಟರ್ನೆಟ್ ಹೋದಾಗಲೂ ನಡೀಬೇಕು, ಅದರ ಜಾಗ ಮಷಿನ್ ಪಕ್ಕದಲ್ಲೇ. ಹಬ್ಬದ ಆಫರ್ ಬಂದಾಗ ನಾಲ್ಕು ಪಟ್ಟು ಜನ ನುಗ್ಗೋ ವೆಬ್‌ಸೈಟಿಗೆ ಮಾತ್ರ ಕ್ಲೌಡೇ ಸರಿ, ನಾಲ್ಕು ದಿನದ ಗದ್ದಲಕ್ಕೆ ಹೊಸ ಸರ್ವರ್ ಕೊಳ್ಳೋದು ದಂಡ.

ಯಾವುದು ಎಲ್ಲಿರಬೇಕು ಅಂತ ತೀರ್ಮಾನಿಸೋಕೆ ನಾನು ಮೊದಲು ಕೇಳೋ ಪ್ರಶ್ನೆ ಒಂದೇ: ಇದು ಯಾರ ಜೊತೆ ಜಾಸ್ತಿ ಮಾತಾಡುತ್ತೆ? ಇನ್‌ವಾಯ್ಸ್ ಸ್ಕ್ರೀನ್ ಒಂದನ್ನ ತೆರೆಯೋಕೆ ಹಳೇ ಇಆರ್‌ಪಿ ಡೇಟಾಬೇಸ್‌ಗೆ ಒಂದರ ಹಿಂದೊಂದು 400 ಪ್ರಶ್ನೆ ಕೇಳುತ್ತೆ ಅಂದುಕೊಳ್ಳಿ. ಆಫೀಸಿನೊಳಗೆ ಒಂದು ಹೋಗಿ ಬರೋಕೆ 1 ಮಿಲಿಸೆಕೆಂಡ್‌ಗಿಂತ ಕಡಿಮೆ, ಅರ್ಧ ಸೆಕೆಂಡಲ್ಲಿ ಸ್ಕ್ರೀನ್ ಬಂತು. ಡೇಟಾಬೇಸ್ ಮಾತ್ರ ಮುಂಬೈ ಕ್ಲೌಡಿಗೆ ಹೋಯ್ತು, ಪ್ರೋಗ್ರಾಂ ಇಲ್ಲೇ ಉಳೀತು. ಬೆಂಗಳೂರಿಂದ ಮುಂಬೈಗೆ ಹೋಗಿ ಬರೋಕೆ 25 ಮಿಲಿಸೆಕೆಂಡ್ ಹಿಡಿದರೂ 400 ಸಲಕ್ಕೆ 10 ಸೆಕೆಂಡ್. ಲೈನನ್ನ 100ರಿಂದ 300 ಎಂಬಿಪಿಎಸ್‌ಗೆ ಏರಿಸಿದರೂ ಇದು ಇಳಿಯಲ್ಲ, ಯಾಕಂದ್ರೆ ಇಲ್ಲಿ ಕಾಡ್ತಿರೋದು ದೂರ, ದಾರಿಯ ಅಗಲ ಅಲ್ಲ. ಸಾಗಿಸೋದಾದ್ರೆ ಪ್ರೋಗ್ರಾಂ, ಡೇಟಾಬೇಸ್ ಎರಡನ್ನೂ ಒಟ್ಟಿಗೇ ಸಾಗಿಸಿ, ಇಲ್ಲಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದ್ರೆ ಅಲ್ಲಿನ ಸ್ಕ್ರೀನನ್ನ ಇಲ್ಲಿ ತೆರೆದು, ಬಳಸಿ.

ಆಫೀಸು-ಕ್ಲೌಡ್ ನಡುವೆ ವಿಪಿಎನ್ (ಇಂಟರ್ನೆಟ್ ಮೇಲೆ ಹಾಯೋ ಗುಪ್ತ ಸಂಪರ್ಕ) ಹಾಕಿದ ಮೇಲೆ ಬರೋ ಇನ್ನೊಂದು ದೂರು: ಪಿಂಗ್ (‘ಇದ್ದೀಯಾ’ ಅಂತ ಕೇಳೋ ಚಿಕ್ಕ ಸಂದೇಶ) ಹೋಗುತ್ತೆ, ಲಾಗಿನ್ ಆಗುತ್ತೆ, ದೊಡ್ಡ ರಿಪೋರ್ಟ್ ತೆಗೆದ ತಕ್ಷಣ ನಿಂತುಬಿಡುತ್ತೆ. 1500 ಬೈಟ್‌ನ ಪ್ಯಾಕೆಟ್‌ಗೆ (ಡೇಟಾ ಸಾಗೋ ತುಂಡು) ವಿಪಿಎನ್‌ನ ಗೂಢಲಿಪಿ ವ್ಯವಸ್ಥೆ ಐಪಿಸೆಕ್ ತನ್ನ ಹೊದಿಕೆ ಸೇರಿಸಿದಾಗ ಅದು ದಾರಿಯಲ್ಲಿ ಹಿಡಿಸಲ್ಲ. ‘ಚಿಕ್ಕದು ಮಾಡಿ ಕಳಿಸು’ ಅಂತ ವಾಪಸ್ ಬರೋ ಐಸಿಎಂಪಿ ಸಂದೇಶವನ್ನ (ನೆಟ್‌ವರ್ಕ್‌ನ ದೋಷ-ಸೂಚನೆ) ಯಾವುದೋ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ಸಾಧನ) ತಡೆದಿರುತ್ತೆ. ಫೈರ್‌ವಾಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹಾಕೋ ಡೇಟಾದ ಗರಿಷ್ಠ ಗಾತ್ರ) 1350 ಬೈಟ್‌ಗೆ ಇಳಿಸಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಆಫೀಸಿನ ಕಂಪ್ಯೂಟರ್‌ಗಳ ನೆಟ್‌ವರ್ಕ್ ವಿಳಾಸ 192.168.1 ಸಾಲಿನಲ್ಲೇ ಇದ್ದರೆ ವಿಪಿಎನ್ ಸಂಪರ್ಕಕ್ಕೆ ಮುಂಚೆ ಬದಲಿಸಿ. ಮನೆ ರೌಟರ್‌ಗಳಲ್ಲೂ ಹೆಚ್ಚಾಗಿ ಅದೇ ಸಾಲು, ಮನೆಯಿಂದ ಕೆಲಸ ಮಾಡೋರ ಡೇಟಾ ದಾರಿ ತಪ್ಪುತ್ತೆ.

‘ನಮ್ಮಲ್ಲಿ ಎರಡು ಕಂಪನಿಯ ಲೈನಿದೆ’ ಅಂತ ನೆಮ್ಮದಿಯಾಗಿರೋರು ಒಮ್ಮೆ ಕೆಳಗಿಳಿದು ರಸ್ತೆ ನೋಡಬೇಕು. ಎರಡೂ ಫೈಬರ್ ಒಂದೇ ಮೋರಿ ಪಕ್ಕ, ಒಂದೇ ಪೈಪಲ್ಲಿ ಬಂದಿದ್ದರೆ ರಸ್ತೆ ಅಗೆಯೋ ಒಂದು ಜೆಸಿಬಿ ಸಾಕು, ಎರಡೂ ಒಟ್ಟಿಗೇ ಹೋಗುತ್ತೆ. ನಮ್ಮೂರಲ್ಲಿ ಅಗೆತ ಯಾವಾಗ ಮುಗಿದಿದೆ ಹೇಳಿ. ಒಂದು ಲೈನ್ ನೆಲದಡಿಯಲ್ಲಿ, ಇನ್ನೊಂದು ಬೇರೆ ರಸ್ತೆಯ ಕಡೆಯಿಂದ, ಮೂರನೆಯದಾಗಿ ಒಂದು 5ಜಿ ಸಿಮ್ ರೌಟರ್ ಇರಲಿ. ತಿಂಗಳಿಗೊಮ್ಮೆ ಮುಖ್ಯ ಲೈನ್ ಕೇಬಲ್ ಕೈಯಾರೆ ಕಿತ್ತು, ಉಳಿದವು ಕೆಲಸ ಹಿಡಿಯುತ್ತವಾ ನೋಡಿ.

ಲಾಗಿನ್ ವಿಷಯ. ಯಾರನ್ನ ಒಳಗೆ ಬಿಡಬೇಕು ಅಂತ ನೋಡೋ ಆಕ್ಟಿವ್ ಡೈರೆಕ್ಟರಿಯ ಸರ್ವರ್ ಆಫೀಸಲ್ಲಿ ಮಾತ್ರ ಇದ್ದರೆ, ಲೈನ್ ಹೋದಾಗ ಅದನ್ನೇ ನಂಬಿಕೊಂಡಿರೋ ಕ್ಲೌಡ್ ಸರ್ವರ್‌ಗಳೂ ಬಾಗಿಲು ಹಾಕಿಕೊಳ್ತವೆ. ಅಂಥದ್ದೇ ಎರಡನೇ ಸರ್ವರ್ (ಡೊಮೇನ್ ಕಂಟ್ರೋಲರ್) ಕ್ಲೌಡಲ್ಲಿರಲಿ. ಕೆಲಸ ಬಿಟ್ಟವರ ಖಾತೆ ಆಫೀಸಲ್ಲಿ ಮುಚ್ಚಿದರೆ ಕ್ಲೌಡಿನ ಲಾಗಿನ್ ನೋಡಿಕೊಳ್ಳೋ ಮೈಕ್ರೋಸಾಫ್ಟ್ ಎಂಟ್ರಾಗೆ ಆ ಸುದ್ದಿ ತಲುಪೋಕೆ ಅರ್ಧ ಗಂಟೆವರೆಗೆ ಆಗಬಹುದು, ಹಾಗಾಗಿ ಎರಡೂ ಕಡೆ ಕೈಯಾರೆ ಮುಚ್ಚಿ.

2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನ (ಯಾರು ಯಾವಾಗ ಏನು ಮಾಡಿದರು ಅನ್ನೋ ದಾಖಲೆ) 180 ದಿನ ಇಟ್ಟಿರಬೇಕು. ಚಿಕ್ಕ ಫೈರ್‌ವಾಲ್‌ಗಳಲ್ಲಿ ಹಳೇ ಲಾಗ್ ಕೆಲವೇ ದಿನದಲ್ಲಿ ಅಳಿಸಿಹೋಗುತ್ತೆ. ಜೊತೆಗೆ ಕ್ಲೌಡ್ ಲಾಗ್ ಹೆಚ್ಚಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ, ಆಫೀಸಿನದ್ದು ಭಾರತೀಯ ಸಮಯದಲ್ಲಿ: ಐದೂವರೆ ಗಂಟೆ ವ್ಯತ್ಯಾಸ. ರಾತ್ರಿ ಎರಡಕ್ಕೆ ನುಗ್ಗಿದ ಕಳ್ಳನ ಜಾಡು ಕ್ಲೌಡಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ ಅಂತ ಕಾಣುತ್ತೆ. ಎಲ್ಲಾ ಲಾಗ್ ಒಂದೇ ಕಡೆ, ಒಂದೇ ಗಡಿಯಾರಕ್ಕೆ ತನ್ನಿ.

ಬ್ಯಾಕಪ್ ಕ್ಲೌಡಿಗೆ ಹೋಗ್ತಿದೆ ಅಂತ ಹಸಿರು ಟಿಕ್ ನೋಡಿ ಸುಮ್ಮನಾಗಬೇಡಿ. 1 ಟಿಬಿ ವಾಪಸ್ ಇಳಿಸೋಕೆ 100 ಎಂಬಿಪಿಎಸ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೂ 22 ಗಂಟೆ ಬೇಕು. ಹೆಚ್ಚಿನ ಕ್ಲೌಡ್‌ಗಳಲ್ಲಿ ಒಳಗೆ ಹಾಕೋದು ಉಚಿತ, ಹೊರಗೆ ತೆಗೆಯೋಕೆ ಜಿಬಿ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಬ್ಯಾಕಪ್‌ನ ತೀರಾ ಇತ್ತೀಚಿನ ಒಂದು ಪ್ರತಿಯನ್ನ ಆಫೀಸಿನ ನ್ಯಾಸ್‌ನಲ್ಲೂ (ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ) ಇಡಿ, ಅದಕ್ಕೆ ಆಫೀಸ್ ಲಾಗಿನ್ನಿನ (ಡೊಮೇನ್) ಪಾಸ್‌ವರ್ಡ್ ಕೊಡಬೇಡಿ, ಡೇಟಾಗೆ ಬೀಗ ಹಾಕಿ ಹಣ ಕೇಳೋ ರ‍್ಯಾನ್ಸಮ್‌ವೇರ್ ಅದೇ ಪಾಸ್‌ವರ್ಡ್ ಹಿಡಿದು ಅಲ್ಲಿಗೂ ಹೋಗುತ್ತೆ. ಮೂರು ತಿಂಗಳಿಗೊಮ್ಮೆ ಖಾಲಿ ಮಷಿನ್ ಮೇಲೆ ಡೇಟಾ ವಾಪಸ್ ಹಾಕಿ, ಅಕೌಂಟ್ಸ್‌ನವರನ್ನ ಕೂರಿಸಿ, ನಿನ್ನೆಯ ಕೊನೇ ಇನ್‌ವಾಯ್ಸ್ ತೆಗೆಸಿ ನೋಡಿ.