ಸ್ಕೋಪ್ ಕೇಳಿದ್ದು ಸಾಕು, ಕೋಡ್ ತೋರಿಸಿ

ಶಿವಮೊಗ್ಗದಲ್ಲಿ ಕಂಪ್ಯೂಟರ್ ವಿಷಯದ ಯಾವ ಕಾರ್ಯಕ್ರಮಕ್ಕೆ ಹೋದರೂ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಇದಕ್ಕೆ ಸ್ಕೋಪ್ ಇದೆಯಾ?" ಅದು ಬಂತು ಅಂದರೆ ಮುಗಿಯಿತು. ಅಲ್ಲಿಂದ ಮುಂದೆ ಬರೀ ಪ್ಯಾಕೇಜು, ಇಂಟರ್‌ವ್ಯೂ, ಬೆಂಗಳೂರಿನ ಪಿಜಿ ಬಾಡಿಗೆ. ಕೇಳುವ ಹುಡುಗರನ್ನು ನಾನು ಬೈಯುತ್ತಿಲ್ಲ. ಮನೆಯಲ್ಲಿ ಸಾಲ ಮಾಡಿ ಓದಿಸಿರುತ್ತಾರೆ, ಕೆಲಸದ ಚಿಂತೆ ಇಲ್ಲದೆ ಇರುತ್ತದಾ? ನನ್ನ ತಕರಾರು ಮೈಕ್ ಹಿಡಿದವರ ಮೇಲೆ. ಶನಿವಾರ ಬೆಂಗಳೂರಿನಿಂದ ಬರುತ್ತಾರೆ. ಸ್ಲೈಡ್ ಮೇಲೆ ಸ್ಲೈಡ್ ಹಾಕುತ್ತಾರೆ. ಎಐ ಬಂದು ಎಲ್ಲರ ಅನ್ನ ಕಿತ್ತುಕೊಳ್ಳುತ್ತದೆ ಅಂತ ಹೆದರಿಸಿ, ಅಪ್‌ಸ್ಕಿಲ್ ಮಾಡ್ಕೊಳ್ಳಿ ಅಂತ ಬುದ್ಧಿ ಹೇಳಿ, ರಾತ್ರಿ ರೈಲು ಹತ್ತುತ್ತಾರೆ. ಒಂದು ಸಾಲು ಕೋಡ್ ಓಡಿಸಿ ತೋರಿಸಿದ್ದು ನಾನಂತೂ ನೋಡಿಲ್ಲ.

ಹಾಗಾಗಿ ಮೊನ್ನೆ ಶನಿವಾರ ನಮ್ಮೂರಿನ ಪೈಥಾನ್ (ಅದೊಂದು ಪ್ರೋಗ್ರಾಮಿಂಗ್ ಭಾಷೆ) ಬಳಗದ ಸಂಜೆ ಟಾಕ್‌ಗೆ ಹೋಗುವಾಗ ದೊಡ್ಡ ನಿರೀಕ್ಷೆ ಏನೂ ಇರಲಿಲ್ಲ. ದುರ್ಗಿಗುಡಿಯಲ್ಲಿ ಒಂದು ಟ್ಯೂಷನ್ ಕ್ಲಾಸಿನ ಮಹಡಿ. ಮೆಟ್ಟಿಲ ಮೇಲೆಲ್ಲ ನೀರು ಸುರಿಸುತ್ತಿದ್ದ ರೈನ್‌ಕೋಟುಗಳು. ಒಳಗೆ ಇಪ್ಪತ್ತು ಇಪ್ಪತ್ತೈದು ಜನ. ಇಂಜಿನಿಯರಿಂಗ್ ಹುಡುಗ ಹುಡುಗಿಯರೇ ಜಾಸ್ತಿ, ಮನೆಯಿಂದ ಕೆಲಸ ಮಾಡುವ ನಾಲ್ಕಾರು ಮಂದಿ, ಒಬ್ಬರು ಪಾಲಿಟೆಕ್ನಿಕ್ ಮೇಷ್ಟ್ರು. ಕೊನೇ ಬೆಂಚಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು. ಇವರು ಎಂತಕ್ಕೆ ಬಂದರು ಅಂತ ಎಲ್ಲರಿಗೂ ಅನಿಸಿತ್ತು. (ಕರೆಂಟ್ ಹೋಗಲಿಲ್ಲ. ಮಳೆಗಾಲದಲ್ಲಿ ಇದನ್ನೂ ಬರೆದಿಡಬೇಕು.)

ಮಾತಾಡಿದವರು ಹೊಸನಗರ ಕಡೆಯ ಹೆಣ್ಣುಮಗಳು. ಯಾವುದೋ ಕಂಪನಿಗೆ ಊರಿಂದಲೇ ಕೆಲಸ ಮಾಡುತ್ತಾರೆ. ಸ್ವಂತ ಪರಿಚಯಕ್ಕೆ ಒಂದೇ ಒಂದು ಸ್ಲೈಡೂ ಇಲ್ಲ. ನೇರ ಲ್ಯಾಪ್‌ಟಾಪ್ ಜೋಡಿಸಿ, "ನಮ್ಮೂರಿನ ಸಂಘದ ಸದಸ್ಯರ ಪಟ್ಟಿ ಇದು, ಇದರಲ್ಲಿ ಹೊಸನಗರದವರು ಎಷ್ಟು ಜನ ಅಂತ ಕೇಳಿದರೆ ಅರ್ಧ ಜನ ಕಾಣೆಯಾಗುತ್ತಾರೆ" ಅಂದರು. ಹೆಸರುಗಳನ್ನೆಲ್ಲ ಮೊದಲೇ ಬದಲಾಯಿಸಿಟ್ಟಿದ್ದರು, ಅದು ನನಗೆ ಹಿಡಿಸಿತು.

ಪಟ್ಟಿಯ ಕಥೆ ಹಳೆಯದು. ಮೊದಲು ಅದು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿತ್ತಂತೆ. ಆಗಿನ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಕನ್ನಡವೇ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದರು. ಫಾಂಟ್ ತೆಗೆದರೆ 'ಕನ್ನಡ' ಅಂತ ಬರೆದದ್ದರ ಜಾಗದಲ್ಲಿ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ನಡುವೆ ಒಂದು ಪೌಂಡ್ ಗುರುತು! ಅದನ್ನು ಈಗ ನೋಡಿ ನಗುವುದು ಸುಲಭ. ಪ್ರತಿ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡಕ್ಕೆ ಅದರಲ್ಲೇ ಜಾಗ ಇತ್ತು. ಆದರೆ ನಮ್ಮ ಅಂಗಡಿ, ಆಫೀಸುಗಳ ಕಂಪ್ಯೂಟರಿಗೆ ಅದು ಇಳಿದು ಬರಲು ಎಷ್ಟೋ ವರ್ಷ ಹಿಡಿಯಿತು. ಕೆ.ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು ಅವರ 'ಬರಹ' ಸಾಫ್ಟ್‌ವೇರ್, ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ಅಷ್ಟು ವರ್ಷ ಕನ್ನಡದಲ್ಲಿ ಒಂದು ಮದುವೆ ಕಾಗದವನ್ನೂ ಟೈಪ್ ಮಾಡಲು ಆಗುತ್ತಿರಲಿಲ್ಲ.

ಇರಲಿ. ಮಾತಾಡಲು ಬಂದವರು ಪಟ್ಟಿಯಿಂದ ಎರಡು 'ಹೊಸನಗರ' ಎತ್ತಿ ಪರದೆ ಮೇಲೆ ಹಾಕಿದರು. ನೋಡಲಿಕ್ಕೆ ಎರಡೂ ಒಂದೇ. ಎರಡೂ ಸಮವಾ ಅಂತ ಪೈಥಾನ್‌ಗೆ ಕೇಳಿದರೆ ಉತ್ತರ ಫಾಲ್ಸ್, ಅಂದರೆ ಅಲ್ಲ. ಉದ್ದ ಕೇಳಿದರೆ ಒಂದಕ್ಕೆ 6, ಇನ್ನೊಂದಕ್ಕೆ 7. ರೂಮಿನಲ್ಲಿ ಗುಸುಗುಸು ಶುರುವಾಯಿತು. ಒಬ್ಬ ಹುಡುಗ ಸ್ಪೇಸ್ ಇರಬೇಕು ಅಂದ. ಸ್ಪೇಸ್ ಇರಲಿಲ್ಲ.

ಆಮೇಲೆ ಅವರು ಎರಡನ್ನೂ ಬಿಡಿ ಬಿಡಿಯಾಗಿ ಬಿಚ್ಚಿಟ್ಟರು. ಮೊದಲನೆಯದರಲ್ಲಿ ಹ, ಅದರ ಮುಂದೆ ಒತ್ವ, ಆಮೇಲೆ ಸ, ನ, ಗ, ರ. ಎರಡನೆಯದರಲ್ಲಿ ಹ ಆದ ಮೇಲೆ ಒತ್ವ ಇಲ್ಲವೇ ಇಲ್ಲ! ಎತ್ವ ಒಂದು, ಊಕಾರದ ಕೊಂಬು ಒಂದು. ಕಾಗುಣಿತ ಬಾಯಿಪಾಠ ಮಾಡಿದವರು ಸ್ವಲ್ಪ ಯೋಚನೆ ಮಾಡಿ. 'ಹೊ' ಬರೆಯುವಾಗ ನಮ್ಮ ಕೈಯೂ ಅದನ್ನೇ ಮಾಡುತ್ತದೆ ಅಲ್ವಾ? ತಲೆಗೆ ಎತ್ವ, ಬಲಕ್ಕೆ ಕೊಂಬು. ಯುನಿಕೋಡ್ ಎರಡು ದಾರಿಯನ್ನೂ ಒಪ್ಪುತ್ತದೆ. ಹಳೆ ಪಟ್ಟಿಯನ್ನು ಬದಲಿಸಿದ ಸಾಫ್ಟ್‌ವೇರ್ ತುಂಡು ತುಂಡು ಇಟ್ಟಿತ್ತು, ಆಮೇಲೆ ಸಂಘದಲ್ಲಿ ಟೈಪ್ ಮಾಡಿದವರದ್ದು ಇಡಿಯಾಗಿ ಬಿದ್ದಿತ್ತು. ಪೈಥಾನ್‌ನಲ್ಲೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಕರೆದು, ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿ ಇಡಿಯಾಗಿಸುವ ರೂಪ) ಅಂತ ಕೊಟ್ಟರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಒಂದು ಸಾಲಿನ ಕೆಲಸ. ಕಾಣೆಯಾದ ಹೊಸನಗರದವರೆಲ್ಲ ವಾಪಸ್.

ನನಗೆ ಖುಷಿಯಾದದ್ದು ಇದಾದ ಮೇಲೆ. ಸದಸ್ಯರ ಹೆಸರಿನ ಕಾಲಮ್ಮಿಗೂ ಅದೇ ಮದ್ದು ಹಾಕಿದರು. ಆದರೂ ಒಬ್ಬ 'ಮಂಜುನಾಥ್' ಎರಡು ಸಲ ಕೂತಿದ್ದ. ಊರು ಒಂದೇ, ಅಪ್ಪನ ಹೆಸರು ಒಂದೇ, ಆದರೂ ಫಾಲ್ಸ್. ಹಿಂದೆ ಮುಂದೆ ಇರುವ ಸ್ಪೇಸ್ ಕೀಳುವ ಸ್ಟ್ರಿಪ್ ಹಾಕಿದರು, ಆಗಲಿಲ್ಲ. "ಇದು ನನಗೂ ಗೊತ್ತಾಗಿಲ್ಲ, ನಿಮಗೆ ಯಾರಿಗಾದರೂ ಹೊಳೆದರೆ ಹೇಳಿ" ಅಂದರು. ಆಗ ಕೊನೇ ಬೆಂಚಿನಿಂದ ಡಿಟಿಪಿಯವರು, "ಮೇಡಂ, ಆ ಥಕಾರದ ಕೊನೆಗೆ ಎಂತಾದ್ರೂ ಕೂತಿರ್ಬೇಕು ನೋಡಿ" ಅಂದರು. ನೋಡಿದರೆ ಹೌದು! ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರ. 'ಫೇಸ್‌ಬುಕ್' ಅಂತ ಬರೆಯುವಾಗ ಸಕಾರದ ಕೆಳಗೆ ಬಕಾರದ ಒತ್ತು ಬೀಳದ ಹಾಗೆ ತಡೆಯುವುದು ಅದೇ. ಅರ್ಧಾಕ್ಷರ ಬಂದಲ್ಲೆಲ್ಲ ಅದನ್ನು ಒತ್ತಿಬಿಡುವುದು ಟೈಪ್ ಮಾಡುವವರ ಕೈಗೆ ಅಭ್ಯಾಸ ಆಗಿಹೋಗಿರುತ್ತದೆ ಅಂತ ಅವರು ವಿವರಿಸಿದರು. ಅದು ಸ್ಪೇಸ್ ಅಲ್ಲವಾದ್ದರಿಂದ ಸ್ಟ್ರಿಪ್‌ಗೆ ಸಿಗುವುದಿಲ್ಲ, ನಾರ್ಮಲೈಸ್ ಕೂಡ ಅದನ್ನು ಮುಟ್ಟುವುದಿಲ್ಲ. ಹೆಸರಿನ ಕೊನೆಯಲ್ಲಿದ್ದರೆ ನಾವೇ ತೆಗೆಯಬೇಕು. ನಡುವೆ ಇದ್ದರೆ ಸುಮ್ನೆ ತೆಗೆಯುವ ಹಾಗೂ ಇಲ್ಲ, ಒತ್ತು ಬಿದ್ದು ಹೆಸರೇ ಬೇರೆ ಥರ ಕಾಣುತ್ತದೆ.

ಪೈಥಾನ್ ಗೊತ್ತಿಲ್ಲದ ಒಬ್ಬರು ಪೈಥಾನ್ ಟಾಕ್‌ನಲ್ಲಿ ಗಂಟು ಬಿಡಿಸಿದರು. ಬೆಂಗಳೂರಿನ ಯಾವ ದೊಡ್ಡ ಸಭಾಂಗಣದಲ್ಲಿ ಇದು ಆಗುತ್ತಿತ್ತು ಹೇಳಿ?

ಆಮೇಲೆ ಮಾತು ಎಲ್ಲೆಲ್ಲೋ ಹೋಯಿತು. 'ಸಾಗರ' ಪದವನ್ನು ಪೈಥಾನ್‌ನಲ್ಲಿ ತಿರುಗಿಸಿದರೆ 'ರಗಾಸ' ಬರುತ್ತದೆ, ಸಕಾರದ ದೀರ್ಘ ಹೋಗಿ ಗಕಾರಕ್ಕೆ ಅಂಟಿಕೊಳ್ಳುತ್ತದೆ. ಊರುಗಳ ಪಟ್ಟಿಯನ್ನು ಕ್ರಮಕ್ಕೆ ಜೋಡಿಸುವ ಸಾರ್ಟೆಡ್‌ಗೆ ಕೊಟ್ಟರೆ ಕಳಸ ಮೊದಲು, ಕವಲೇದುರ್ಗ ಆಮೇಲೆ. ನಮ್ಮ ಅಕ್ಷರಮಾಲೆಯಲ್ಲಿ ಳಕಾರ ಕಟ್ಟಕಡೆಗೆ ಬರುತ್ತದೆ, ಯುನಿಕೋಡ್ ಸಂಖ್ಯೆಯಲ್ಲಿ ಮಾತ್ರ ಅದು ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮುಂಚೆ ಇದೆ. ಕನ್ನಡದ ಕ್ರಮದಲ್ಲೇ ಜೋಡಿಸಲು ಐಸಿಯು ಅಂತ ಬೇರೆ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಇದೆ. ಇನ್ನೊಂದು ಮಜಾ: '೪೫೦' ಅಂತ ಕನ್ನಡ ಅಂಕೆಯಲ್ಲಿ ಕೊಟ್ಟರೂ ಬರೆದದ್ದನ್ನು ಸಂಖ್ಯೆ ಮಾಡುವ ಪೈಥಾನ್‌ನ ಇಂಟ್ ಅದನ್ನು ನಾನೂರೈವತ್ತು ಅಂತಲೇ ಓದುತ್ತದೆ. ಪಾಲಿಟೆಕ್ನಿಕ್ ಮೇಷ್ಟ್ರಿಗೆ ಇದನ್ನು ನಂಬಲು ಆಗಲಿಲ್ಲ. ತಮ್ಮ ಮೊಬೈಲಿನಲ್ಲೇ ಓಡಿಸಿ ನೋಡಿದರು.

ಅಂದಹಾಗೆ, ಯೂಸರ್ ಗ್ರೂಪ್ ಅನ್ನುವ ಈ ಥರದ ಬಳಗಗಳು ಹುಟ್ಟಿದ್ದೇ ಇಂಥ ಕೆಲಸಕ್ಕೆ. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂ 704 ಯಂತ್ರ ಬಳಸಲು ಹೊರಟವರು ಸೇರಿ 'ಶೇರ್' ಅಂತ ಒಂದು ಬಳಗ ಕಟ್ಟಿಕೊಂಡರು. ಪ್ರತಿ ಆಫೀಸಿನಲ್ಲೂ ಅದದೇ ಸಬ್‌ರುಟೀನ್ (ಮತ್ತೆ ಮತ್ತೆ ಬೇಕಾಗುವ ಕೋಡಿನ ತುಂಡು) ಬರೆಯುತ್ತ ಕೂರುವುದು ದಂಡ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಸಿಗಲಿ ಅಂತ. 1975ರಲ್ಲಿ ಅಮೆರಿಕದ ಮೆನ್ಲೊ ಪಾರ್ಕ್‌ನ ಗ್ಯಾರೇಜೊಂದರಲ್ಲಿ ಶುರುವಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬೂ ಹಾಗೆಯೇ. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ವೋಜ್ನಿಯಾಕ್ ತಮ್ಮ ಆಪಲ್-1 ಕಂಪ್ಯೂಟರನ್ನು ತಂದು ತೋರಿಸಿದ್ದು ಆ ಗೆಳೆಯರಿಗೆ. ನಮ್ಮಲ್ಲೂ ಬೆಂಗಳೂರಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್ ಇದೆ, 2009ರ ಮೊದಲ ಪೈಕಾನ್ ಇಂಡಿಯಾ (ಪೈಥಾನ್ ಸಮ್ಮೇಳನ) ನಡೆದದ್ದೂ ಅಲ್ಲೇ. ಕೆಲಸ ಕೊಡಿಸುವವರು ಬೇರೆ ಇದ್ದಾರೆ. ಕಾಲೇಜಿಗೊಂದು ಪ್ಲೇಸ್‌ಮೆಂಟ್ ಸೆಲ್ ಇದೆ, ಬೀದಿಗೊಂದು ಟ್ರೈನಿಂಗ್ ಸೆಂಟರ್ ಇದೆ. ಅರ್ಧಕ್ಕೆ ನಿಂತ ಕೋಡನ್ನು ನಾಚಿಕೆ ಇಲ್ಲದೆ ಹರಡಿಕೊಂಡು ಕೂರಲು ಜಾಗ ಇರುವುದು ಈ ಬಳಗದಲ್ಲಿ ಮಾತ್ರ. ಅದನ್ನೂ ಕೆರಿಯರ್ ಗೈಡೆನ್ಸ್ ಮಾಡಿಬಿಟ್ಟರೆ ಹೋಗುವುದಾದರೂ ಎಲ್ಲಿಗೆ?

ಆಯೋಜಕರಿಗೆ ಒಂದು ದೂರು ಇದೆ, ಎದುರಿಗೇ ಹೇಳಿ ಬಂದಿದ್ದೇನೆ. ಆರೂವರೆಗೆ ಶುರು ಮಾಡುವುದು ಬೆಂಗಳೂರಿನ ಲೆಕ್ಕ. ಅಲ್ಲಿ ಆಫೀಸು ಬಿಡಬೇಕು, ಟ್ರಾಫಿಕ್ ದಾಟಬೇಕು. ಇಲ್ಲಿ ಶನಿವಾರ ಸಂಜೆ ಯಾರಿಗೆ ಯಾವ ಟ್ರಾಫಿಕ್? ತೀರ್ಥಹಳ್ಳಿ, ಹೊಸನಗರ ಕಡೆಗೆ ಕತ್ತಲಾದ ಮೇಲೆ ಬಸ್ಸು ಕಡಿಮೆ. ಹಾಸ್ಟೆಲ್ ಹುಡುಗಿಯರು ಏಳು ಗಂಟೆ ಆಗುತ್ತಿದ್ದ ಹಾಗೆ ಗೇಟ್ ಹಾಕ್ತಾರೆ ಅಂತ ಬ್ಯಾಗ್ ಎತ್ತಿಕೊಂಡರು. ಮಂಜುನಾಥನ ಗುಟ್ಟು ಒಡೆದದ್ದು ಅವರು ಮೆಟ್ಟಿಲಿಳಿದ ಮೇಲೆ. ಮಾತಾಡಲು ಬಂದವರೇ ಚಿಕ್ಕಮ್ಮನ ಮನೆಯಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಂಡು ಬಂದಿದ್ದರು. ನಾಲ್ಕೂವರೆಗೆ ಶುರು ಮಾಡಿ, ಆರಕ್ಕೆ ಚಹಾ, ಮಂಡಕ್ಕಿ ಕೊಟ್ಟು ಕಳಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಭಾಷೆಯ ವಿಷಯದಲ್ಲಿ ದೂರಿಲ್ಲ. ಪೂರ್ತಿ ಕನ್ನಡದಲ್ಲೇ ನಡೆಯಿತು, ಫಂಕ್ಷನ್ನು, ಸ್ಟ್ರಿಂಗು ಅಂತ ಬೇಕಾದ ಪದ ಬೇಕಾದಲ್ಲಿ ಬಂತು, ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ನಡೆದಿದ್ದರೆ ಡಿಟಿಪಿಯವರು ಬಾಯಿ ಬಿಡುತ್ತಿದ್ದರೋ ಇಲ್ಲವೋ.

ಸ್ಕೋಪ್ ಪ್ರಶ್ನೆ ಈ ಸಲವೂ ಬಂತು ಅನ್ನಿ. ಒಬ್ಬ ಹುಡುಗ ಕೊನೆಯಲ್ಲಿ ಕೈ ಎತ್ತಿದ. ಆಕೆ ನಕ್ಕು, "ನಮ್ಮ ಸಂಘದಲ್ಲಿ ಇನ್ನೂ ಹಳೆ ಪಟ್ಟಿಗಳು ತುಂಬಾ ಇವೆ, ಬರ್ತೀಯಾ?" ಅಂದರು. ಅವನು ಆಮೇಲೆ ನಂಬರ್ ತೆಗೆದುಕೊಳ್ಳುತ್ತಿದ್ದುದನ್ನು ನೋಡಿದೆ.

ಮುಂದಿನ ತಿಂಗಳು ಡಿಟಿಪಿಯವರೇ ಮಾತಾಡಲಿ ಅಂತ ನಾನು ಹಟ ಹಿಡಿದಿದ್ದೇನೆ. "ನಂಗೆ ಪೈಥಾನ್ ಎಲ್ಲಿ ಬರುತ್ತೆ ಸಾರ್" ಅಂತ ಮೊದಲು ಕೈ ಆಡಿಸಿದರು. ಕೊನೆಗೆ ಒಂದು ಮಾತಿಗೆ ಒಪ್ಪಿದ್ದಾರೆ: ಅಂಗಡಿಯಲ್ಲಿ ಬಿದ್ದಿರುವ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರಿನ ಹಳೇ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತರುತ್ತಾರೆ, ತೆರೆಯುವ ತಲೆನೋವು ನಮ್ಮದು. ಬರುವವರು ಲ್ಯಾಪ್‌ಟಾಪ್ ತನ್ನಿ. ಸಮಯ ನಾಲ್ಕೂವರೆಯೋ ಆರೂವರೆಯೋ ಇನ್ನೂ ಜಗಳ ನಡೆಯುತ್ತಿದೆ, ನಿಮಗೆ ಯಾವುದು ಅನುಕೂಲ ಅಂತ ಕೆಳಗೆ ಬರೆಯಿರಿ.