ಕಾಫಿ ಕಣಕ್ಕೆ ಅಲಾಸ್ಕದ ಕಾವಲುಗಾರ

ಭಾರತದ ಸ್ಕಾಟ್ಲೆಂಡ್ ಎಂಬ ಬಿರುದು ಸಾಲದೆಂದು ಕೊಡಗನ್ನು ಅಲಾಸ್ಕ ಮಾಡಲು ಕೆಲವು ಹೋಂಸ್ಟೇಗಳು ಹೊರಟಿವೆ. ಗೇಟಿನ ಬಳಿ ಒಂದು ಅಲಾಸ್ಕನ್ ಮ್ಯಾಲಮ್ಯೂಟ್ ನಾಯಿ ನಿಲ್ಲಿಸಿದರೆ ಅತಿಥಿಗೆ ಸೆಲ್ಫಿ, ಮಾಲೀಕರಿಗೆ ಬುಕಿಂಗು. ನಾಯಿಯ ಅಭಿಪ್ರಾಯ ಯಾರೂ ಕೇಳಿಲ್ಲ. ಅದಕ್ಕೆ ಸ್ಟಾರ್ ಒತ್ತಲು ಬರುವುದಿಲ್ಲ.

"ನಮ್ಮಲ್ಲೂ ಚಳಿ ಇದೆಯಲ್ಲ!" ಇದೆ, ಸ್ವಾಮಿ. ಆದರೆ ಇದು ವಾಯುವ್ಯ ಅಲಾಸ್ಕದ ಇನ್ಯುಪಿಯಾಕ್ ಜನ ಹಿಮದ ಮೇಲೆ ಹೊರೆ ಎಳೆಯಲು ಬೆಳೆಸಿದ ತಳಿ. ಗಂಡಾದರೆ ಸುಮಾರು 38 ಕೆಜಿ. ಒರಟು ಮೇಲ್ಗೂದಲ ಕೆಳಗೆ ಒಂದೆರಡು ಇಂಚಿನ ಜಿಡ್ಡು ಉಣ್ಣೆ. ಒಣ ಚಳಿಗೆ ಹೇಳಿಮಾಡಿಸಿದ ಕೋಟು, ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಗಲ್ಲ. ಒಳಪದರ ತೊಯ್ದರೆ ಹೊರಗೆ ಒಣಗಿದಂತೆ ಕಂಡರೂ ಬುಡದಲ್ಲಿ ಪಸೆ ಉಳಿಯುತ್ತದೆ. ಚರ್ಮ ಕೆಂಪಾಗಿ, ರಸ ಒಸರಿ, ನಾರತೊಡಗುತ್ತದೆ. ಕೂದಲು ಬಿಡಿಸುತ್ತಾ ಬ್ಲೋವರಿನಿಂದ ಚರ್ಮದವರೆಗೂ ಒಣಗಿಸಬೇಕು. ಕರೆಂಟು ಎಲ್ಲಿದೆ ಎಂದಿರಾ? ಮರ ಬಿದ್ದಿದೆ, ಲೈನ್‌ಮನ್ ಬರುತ್ತಾರೆ. ಅಲ್ಲಿಯವರೆಗೆ ಆ ಉಣ್ಣೆಯೊಳಗಿನ ಉಣುಗುಗಳನ್ನು ಟಾರ್ಚು ಹಿಡಿದು ಹುಡುಕುತ್ತಿರಿ.

ಬೇಸಿಗೆ ಬಂದರೆ ಬೋಳಿಸುವುದು ಇನ್ನೊಂದು ಜಾಣತನ. ಮೇಲ್ಗೂದಲೇ ಬಿಸಿಲಿಗೆ ತಡೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ತೇಪೆತೇಪೆಯಾಗಿ ಬರಬಹುದು. ರೇಕ್ ಎಂಬ ಹಲ್ಲಿನ ಬಾಚಣಿಗೆಯಿಂದ ಉದುರುವ ಉಣ್ಣೆಯನ್ನಷ್ಟೇ ಬಾಚಿ ತೆಗೆಯಬೇಕು. ನಡೆದಾಟ ಬೆಳಕು ಹರಿಯುವ ಮುನ್ನ. ನಾಯಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳುವುದು. ತೇವದ ಗಾಳಿಯಲ್ಲಿ ನಾಲಿಗೆಯ ನೀರು ಬೇಗ ಆರುವುದಿಲ್ಲ. ಒಸಡು ಕಡುಗೆಂಪಾಗಿ ನಡಿಗೆ ತೂರಾಡಿದರೆ ಫೋಟೋ ನಿಲ್ಲಿಸಿ, ಮೈಗೆ ತಣ್ಣೀರು ಸುರಿದು ಗಾಳಿ ಹಾಕಿ, ಪಶುವೈದ್ಯರ ಬಳಿಗೆ ಓಡಿ.

ಇನ್ನು ಕಾವಲು. ಕಾಫಿಗೆ ಬೆಲೆ ಬಂದಾಗಿನಿಂದ ಅದನ್ನು ಒಣಗಿಸುವ ಕಣಕ್ಕೆ ಕಳ್ಳರ ಭಯ, ನಿಜ. ಆದರೆ ಈ ಮಹಾಶಯ ಬೊಗಳುವುದೇ ಅಪರೂಪ. "ವೂ ವೂ" ಎಂದು ಮಾತಾಡುತ್ತಾನೆ, ಅಪರಿಚಿತರನ್ನು ಕಂಡರೆ ಅಕ್ಕರೆ. ಕಳ್ಳ ಐವತ್ತು ಕೆಜಿಯ ಚೀಲಕ್ಕೆ ಹಗ್ಗ ಕಟ್ಟಿ ಇವನ ಹೆಗಲಿಗೆ ಹಾಕಿದರೆ ಸಾಕು, ರಸ್ತೆವರೆಗೆ ಎಳೆದು ತಲುಪಿಸಿಯೂ ಬಿಟ್ಟಾನು. ಅಕ್ಕರೆ ಮನುಷ್ಯರಿಗೆ ಮಾತ್ರ, ಪಕ್ಕದ ಮನೆ ಕೋಳಿ-ಬೆಕ್ಕಿಗಿಲ್ಲ. ಬೇಲಿ ಆರಡಿ ಇದ್ದರೂ ಅಡಿಯಿಂದ ಬಿಲ ತೋಡುತ್ತಾನೆ. ಜಾಲರಿಯನ್ನು ಎರಡಡಿ ಮಣ್ಣೊಳಗೆ ಹೂಳಬೇಕು. ಕೆಲಸವಿಲ್ಲದೆ ಕೂಡಿಹಾಕಿದರೆ ಕಾಫಿ ಗಿಡದ ಬುಡಗಳನ್ನೂ ಅಗೆದು ಕೊಡುತ್ತಾನೆ, ಕೂಲಿ ಕೇಳದೆ.

ಇಷ್ಟಾದರೂ ಕೆಲವರು "ಜೋಡಿ ಇದ್ದರೆ ಚೆಂದ" ಎಂದು ಎರಡನೇ ಗಂಡನ್ನು ಬುಕ್ ಮಾಡುತ್ತಾರೆ. ಎರಡು ಗಂಡು ಮ್ಯಾಲಮ್ಯೂಟ್ ಒಂದೇ ಅಂಗಳದಲ್ಲಿ! ಅವು ಕಚ್ಚಾಡಿದಾಗ ಬಿಡಿಸಲು ಹೋದವರಿಗೆ ಹೊಲಿಗೆ ಹಾಕುವುದು ಯಾರ ಪ್ಯಾಕೇಜಿನಲ್ಲಿದೆಯೋ, ಬ್ರೋಷರಿನಲ್ಲಿ ಬರೆದಿಲ್ಲ. ಅಷ್ಟರಲ್ಲಿ ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಯ ಕಂದು ನಾಯಿ, ಮಾಲೀಕರ ಖರ್ಚಿಲ್ಲದೆ, ಗೇಟಿಗೆ ಬಂದ ಪ್ರತಿಯೊಬ್ಬರನ್ನೂ ಬೊಗಳಿ ವಿಚಾರಿಸುತ್ತಿದೆ.