ಗ್ರಾಮಸಭೆಗೆ ಹಾಜರಾಗುವುದು ಕಡ್ಡಾಯವಾಗಬೇಕೇ?

ಪರ: ಒಂಬತ್ತು ಜನ ಕಡಿಮೆ ಬಿದ್ದ ದಿನ

ನಮ್ಮೂರು ಶಿರಸಿಯಿಂದ ಹೆಚ್ಚು ದೂರವಿಲ್ಲ. ಕೆಲವು ವರ್ಷಗಳ ಹಿಂದೆ ಶಾಲೆಯ ಜಗುಲಿಯಲ್ಲಿ ಅರಣ್ಯ ಹಕ್ಕಿನ ಗ್ರಾಮಸಭೆ ಕರೆದಿದ್ದರು. ಅರಣ್ಯ ಜಾಗದಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರಿಗೆ ಹಕ್ಕು ಕೊಡುವ 2006ರ ಕಾಯ್ದೆಯಡಿ ಬಂದ ಅರ್ಜಿಗಳ ಮೇಲೆ ಠರಾವು ಮಾಡಬೇಕಾದರೆ ಸದಸ್ಯರಲ್ಲಿ ಅರ್ಧದಷ್ಟಾದರೂ ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ತಲೆ ಎಣಿಸಿದರು. ಒಂಬತ್ತು ಜನ ಕಡಿಮೆ. ಒಂದು ತಾಸು ಕಾದು ಮತ್ತೆ ಎಣಿಸಿದರು. ಆಗಲೂ ಅಷ್ಟೇ. ಹಾಜರಿ ಪುಸ್ತಕ ಮುಚ್ಚಿ ಸಭೆಯನ್ನು ಮುಂದೂಡಿದರು.

ನಾನು ಆ ಸಭೆಗೆ ಹೋಗಿರಲಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೆವು. ನಮ್ಮ ಮನೆಯಲ್ಲಿ ನಾಲ್ವರು ಮತದಾರರು, ನಾಲ್ವರೂ ಮೆಟ್ಟುಗತ್ತಿಯ ಮುಂದೆಯೇ ಕುಳಿತಿದ್ದೆವು. ನಮ್ಮದು ಮಾಲ್ಕಿ ತೋಟ, ಅತಿಕ್ರಮಣದ ಜಾಗ ಒಂದು ಗುಂಟೆಯೂ ಇಲ್ಲ. ಅದು ಬೇರೆಯವರ ಸಭೆ ಎಂದುಕೊಂಡಿದ್ದೆವು.

ಸಂಜೆ, ನಮ್ಮ ತೋಟದ ಅಡಿಕೆ ಕೊನೆ ಇಳಿಸುವ ಕೊನೆಗೌಡನ ತಂದೆ ದಣಪೆ ದಾಟಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಅವರ ಅಪ್ಪನ ಕಾಲದ ದಂಡದ ರಸೀದಿ, ಮನೆ ತೆರಿಗೆಯ ಚೀಟಿಗಳು, ಮಡಿಕೆಯಲ್ಲಿ ಹರಿದು ಅಂಟು ಹಚ್ಚಿದ ಒಂದು ನಕ್ಷೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅವರ ಪಾಲಿಗೆ ಆ ಚೀಲವೇ ಮನೆ. ನೀವಾದರೂ ಬರಬಹುದಿತ್ತಲ್ಲ ಎಂದು ಅವರು ಅನ್ನಲಿಲ್ಲ. ‘ಮುಂದಿನ ಸಭೆ ಯಾವಾಗಂತೆ ಅಮ್ಮಾ’ ಎಂದು ಮಾತ್ರ ಕೇಳಿದರು. ಆ ಸಭೆ ನಡೆದದ್ದು ಮಳೆಗಾಲ ಕಳೆದ ಮೇಲೆ.

ಕಡಿಮೆ ಬಿದ್ದ ಒಂಬತ್ತರಲ್ಲಿ ನಾಲ್ಕು ನಮ್ಮದು. ಈ ಲೆಕ್ಕ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬಾರದಿರುವುದು ನನ್ನ ಸ್ವಾತಂತ್ರ್ಯ ಎನ್ನುವವರಿಗೆ ನಾನು ಕೇಳುವುದಿಷ್ಟೆ: ನನ್ನ ಆ ಸ್ವಾತಂತ್ರ್ಯದ ದಂಡವನ್ನು ಕೊನೆಗೌಡನ ತಂದೆಯೇಕೆ ತೆರಬೇಕಾಯಿತು?

ಕಡ್ಡಾಯ ನಮಗೆ ಹೊಸದಲ್ಲ. ಹಳ್ಳದ ಒಡ್ಡು ಕಟ್ಟುವಾಗ, ಮಳೆಗಾಲ ಮುಗಿದು ದಾರಿ ಸವರುವಾಗ ಮನೆಗೊಂದಾಳು ಬರಬೇಕೆಂಬ ಕಟ್ಟು ಮಲೆನಾಡಿನಲ್ಲಿ ಇದ್ದೇ ಇತ್ತು. ಬಾರದ ಮನೆಯವರು ಮರುದಿನ ಬಂದು ಪಾಲಿನ ಕೆಲಸ ಮುಗಿಸುತ್ತಿದ್ದರು. ಗ್ರಾಮಸಭೆಗೂ ಅಷ್ಟೇ ಇರಲಿ: ಮನೆಗೊಬ್ಬರು, ವರ್ಷಕ್ಕೆರಡು ಸಲ. ತಪ್ಪಿದವರಿಗೆ ಹಣದ ದಂಡ ಬೇಡ, ಊರಿನ ಕೆರೆಯ ಹೂಳು ತೆಗೆಯಲಿ. ದಿನಗೂಲಿ ತಪ್ಪುತ್ತದೆ ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ದಿನಗಟ್ಟಲೆ ಬಿಡುವು ಮಾಡಿಕೊಳ್ಳುವ ನಮಗೆ ಸಭೆಗೆ ಅರ್ಧ ದಿನ ಸಿಗುವುದಿಲ್ಲವೇ?

1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲಿ ಜಾಗ ಕೊಟ್ಟಿತು. ಆ ಜಾಗಕ್ಕೆ ಎಷ್ಟು ಬಲವಿದೆ ಎಂಬುದನ್ನು ಒಡಿಶಾದ ನಿಯಮಗಿರಿಯ ಜನ ತೋರಿಸಿದ್ದಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನವನ್ನು ಗ್ರಾಮಸಭೆಗಳಿಗೇ ಬಿಟ್ಟಿತು, ಹನ್ನೆರಡು ಹಳ್ಳಿಗಳ ಸಭೆಗಳು ಬಾಕ್ಸೈಟ್ ಗಣಿ ಬೇಡವೆಂದವು, ಗಣಿ ಬರಲಿಲ್ಲ. ನಾಳೆ ಬೇಡ್ತಿ ನದಿಯ ವಿಷಯವೋ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ವಿಷಯವೋ ನಮ್ಮ ಸಭೆಯ ಮುಂದೆ ಬಂದಾಗ ಜಗುಲಿಯಲ್ಲಿ ಯಾರಿರುತ್ತಾರೆ? ಜನ ಸೇರದ ಊರಿನಲ್ಲಿ ನಡಾವಳಿ ಪುಸ್ತಕ ಮನೆಮನೆಗೆ ತಿರುಗಿ ಸಹಿ ಹಾಕಿಸಿಕೊಂಡು ಹೋಗುತ್ತದೆ. ಹಾಗೆ ಸಹಿ ಹಾಕಿ, ಏನಕ್ಕೆ ಹಾಕಿದೆ ಎಂದು ಆಮೇಲೆ ಕೇಳಿದವರನ್ನು ನಾನು ಬಲ್ಲೆ.

ವಿರೋಧ: ಮೌನಕ್ಕೂ ಹಕ್ಕಿದೆ

ವಿರೋಧದ ಪಾಲು ನನಗೆ ಬಂದಿದೆ. ಗ್ರಾಮಸಭೆ ತುಂಬಬೇಕೆಂಬ ಆಸೆ ನನಗೂ ಇದೆ. ಕಡ್ಡಾಯ ಎಂಬ ಶಬ್ದವನ್ನು ಮಾತ್ರ ಒಪ್ಪಲಾರೆ.

ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ. ಅದು ತುರ್ತು ಪರಿಸ್ಥಿತಿಯ ಕಾಲ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಹಕ್ಕುಗಳನ್ನು ಕಸಿದುಕೊಂಡ ಹೊತ್ತಿನಲ್ಲೇ ಕರ್ತವ್ಯದ ಪಾಠ ಆರಂಭವಾಯಿತು ಎಂಬುದನ್ನು ಮರೆಯಬಾರದು. ಆ ಕರ್ತವ್ಯಗಳು ಈಗ ಹನ್ನೊಂದು. ತಪ್ಪಿದರೆ ಶಿಕ್ಷೆ ಎಂದು ಆ ವಿಧಿಯಲ್ಲಿ ಬರೆದಿಲ್ಲ.

ಕೇರಳದಲ್ಲಿ ಮೂರು ಮಕ್ಕಳು ತಮ್ಮ ಧರ್ಮಶ್ರದ್ಧೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಗೌರವದಿಂದ ನಿಂತಿದ್ದರು. ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರವಾಗಿ ನಿಂತಿತು. ಹಾಡದಿರುವ ಹಕ್ಕು ಇರುವ ದೇಶದಲ್ಲಿ ಸಭೆಗೆ ಬಾರದಿರುವುದು ಅಪರಾಧವಾಗುವುದು ಹೇಗೆ? ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತದಾನ ಕಡ್ಡಾಯ ಮಾಡಿದ ಕಾನೂನಿಗೂ ಅಲ್ಲಿನ ಹೈಕೋರ್ಟ್ 2015ರಲ್ಲಿ ತಡೆ ನೀಡಿತು. ಇಂದು ಸಭೆಗೆ ಕಡ್ಡಾಯ ಎಂದವರು ನಾಳೆ ಅಲ್ಲಿ ಕೈ ಎತ್ತುವುದನ್ನೂ ಕಡ್ಡಾಯ ಮಾಡುತ್ತಾರೆ.

ಕೋರಂ, ಎಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಇಲ್ಲದೆ ಜನರ ಕೆಲಸ ನಿಲ್ಲುತ್ತದೆ ಎನ್ನುವವರಿದ್ದಾರೆ. ಕೋರಂ ತುಂಬಿದ ಸಭೆಗಳಲ್ಲಿ ಎಲ್ಲ ಕೆಲಸವೂ ಮುಗಿದಿದೆಯೇ?

ಕಾರವಾರದ ಹತ್ತಿರದ ನಮ್ಮ ಊರಿನಲ್ಲಿ ಗ್ರಾಮಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಬಂಗಡೆಯ ಬುಟ್ಟಿ ಇಟ್ಟುಕೊಂಡು ಮಾರುಕಟ್ಟೆಯಲ್ಲಿರುತ್ತಾರೆ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿಯಾಗದಿದ್ದರೆ ಅಂದಿನ ಬಂಡವಾಳವೇ ಹೋಯಿತು. ಅವರ ಗಂಡ ದೋಣಿಯಲ್ಲಿ. ತಪ್ಪಿದವರು ಕೆರೆಯ ಹೂಳು ತೆಗೆಯಲಿ ಎಂದರೆ ಬುಟ್ಟಿ ಹೊತ್ತು ಬಂದ ಅವರೇ ಸಲಿಕೆ ಹಿಡಿಯಬೇಕಾಗುತ್ತದೆ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿಯಲು ಜನ ಸೇರಿದಾಗ ಯಾರೂ ಹಾಜರಿ ಹಾಕಿರಲಿಲ್ಲ. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರನ್ನೂ ಯಾರೂ ಒತ್ತಾಯಿಸಿರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ದೋಣಿಗಳು ದಡದಲ್ಲಿರುತ್ತವೆ. ಕರಾವಳಿಯ ಒಂದು ಗ್ರಾಮಸಭೆಯನ್ನು ಆ 61 ದಿನಗಳೊಳಗೆ, ಸಂಜೆ ಐದರ ನಂತರ ಕರೆಯಲಿ. ಅದನ್ನು ಇದುವರೆಗೆ ನಮ್ಮ ಊರಿನಲ್ಲಿ ಯಾರೂ ಮಾಡಿ ನೋಡಿಲ್ಲ.